ಖಾಸಿಂ ಚಾಚಾನ ಅಂಗಡಿಯ ಮೊಳೆಗಳು

ಕರೆಂಟ್ ಬಿಲ್ಲು ಹುಡುಕಲು ಇಂದು ಬೆಳಗ್ಗೆ ಮೇಜಿನ ಡ್ರಾ ಎಳೆದೆ. ಬಿಲ್ಲು ಸಿಗಲಿಲ್ಲ, ಹುಡುಕಿದಾಗ ಸಿಗುವ ಅಭ್ಯಾಸ ಅದಕ್ಕಿಲ್ಲ. ಸಿಕ್ಕಿದ್ದು ಹಳದಿ ಪ್ಲಾಸ್ಟಿಕ್ಕಿನ ಗುಂಡನೆಯ ಒಂದು ಟೋಕನ್. ನಡುವೆ ಒಂದು ತೂತು, ಅದರ ಕೆಳಗೆ ಹದಿನೇಳು ಎಂಬ ಅಂಕಿ. ನಮ್ಮ ಶಹಾಪುರದ ಸೂಪರ್ ಮಾರ್ಕೆಟ್ಟಿನವರು ಕೊಟ್ಟದ್ದು. ಕಾನೂನಿನ ಪ್ರಕಾರ ನಮ್ಮ ಮನೆಯ ಕೀಲಿಕೈ ಇವತ್ತಿಗೂ ಅವರ ವಶದಲ್ಲಿ ಭದ್ರವಾಗಿದೆ. ಎಲ್ಲಿದೆ ಎಂಬುದು ಮಾತ್ರ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಗಬೇಡಿ. ಎಲ್ಲವನ್ನೂ ಹೇಳುತ್ತೇನೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕಲಬುರಗಿಗೆ ಬಂದ ಸೂಪರ್ ಮಾರ್ಕೆಟ್ಟು ಯಾದಗಿರಿಗೆ ಬಂತು, ಯಾದಗಿರಿಗೆ ಬಂದದ್ದು ನಮ್ಮಲ್ಲಿಗೂ ಒಂದು ಮರಿಯನ್ನು ಕಳಿಸಿತು. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ. ಮೊದಲ ವಾರ ಇಡೀ ಊರು ಆ ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತು. ನಾನೂ ತೆಗೆಸಿಕೊಂಡೆ. ನಮ್ಮ ಸುತ್ತಲಿನ ಹೊಲಗಳಲ್ಲೇ ಬೆಳೆದ ತೊಗರಿ ಎಲ್ಲಿಗೋ ಹೋಗಿ, ಹೊಳಪು ಬರಿಸಿಕೊಂಡು, ನಗುವ ಹೆಣ್ಣುಮಗಳ ಚಿತ್ರವಿರುವ ಪ್ಯಾಕೆಟ್ಟಿನಲ್ಲಿ ತವರಿಗೆ ಮರಳಿತ್ತು. ಅದನ್ನು ಕಂಡು ನನಗೆ ಎದೆ ತುಂಬಿ ಬಂತು. ಆ ಸಂಭ್ರಮದಲ್ಲಿ ಒಂದು ತಪ್ಪು ಮಾಡಿದೆ. ಬೇಳೆ ಕೊಳ್ಳುವ ಮುನ್ನ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುವುದು ನಮ್ಮ ಕಡೆಯ ರೂಢಿ. ಕಡಿಯದೇ ಬೇಳೆ ಕೊಳ್ಳುವವನನ್ನು ನಾವು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಯಾಕೆಟ್ಟಿನ ಮೂಲೆ ಹರಿದು ನಾಲ್ಕು ಕಾಳು ಕಡಿದೆ. ಸಮವಸ್ತ್ರದ ಹುಡುಗಿಯೊಬ್ಬಳು ಓಡಿ ಬಂದು, ನಾನು ತನ್ನ ಮದುವೆ ಸೀರೆ ಹರಿದೆನೋ ಎಂಬಂತೆ ನೋಡಿದಳು.

"ಸರ್, ಅದನ್ನ ನೀವೇ ತಗೋಬೇಕ್ರಿ ಈಗ."

ತೆಗೆದುಕೊಂಡೆ. ಜೊತೆಗೆ, ಒಂದು ಕೊಂಡರೆ ಒಂದು ಬಿಟ್ಟಿ ಎಂಬ ಬೋರ್ಡಿಗೆ ಮನಸೋತು ಪಾಯಿಖಾನೆ ತೊಳೆಯುವ ನಾಲ್ಕು ಬಾಟಲಿಗಳನ್ನೂ ತಂದೆ. ನಮ್ಮ ಮನೆಯಲ್ಲಿರುವುದು ಒಂದೇ ಪಾಯಿಖಾನೆ. ಅದು ಈಗ ಅಡಿಗೆಮನೆಗಿಂತ ಚೊಕ್ಕಟವಾಗಿದೆ.

ಇದೆಲ್ಲಕ್ಕಿಂತ ಮುಂಚೆ ನಮಗಿದ್ದದ್ದು ಓಣಿಯ ಬಾಯಲ್ಲಿರುವ ಖಾಸಿಂ ಚಾಚಾನ ಕಿರಾಣಿ ಅಂಗಡಿ. ಅಲ್ಲಿ ತಣ್ಣನೆ ಗಾಳಿ ಇರಲಿಲ್ಲ. ಬೆಲ್ಲದ ಮೇಲೆ ನೊಣಗಳಿದ್ದವು. ಚಾಚಾನ ಬಾಯಿಯಂತೂ ಆ ನೊಣಗಳಿಗಿಂತ ಜೋರು. ಸೋಪು ಕೇಳಿದರೆ "ಮೊನ್ನೆರ ಒಯ್ದೀರಿ, ಮನ್ಯಾಗ ಸೋಪು ತಿಂತೀರೇನ್ರಿ?" ಎಂದು ನಾಲ್ಕು ಮಂದಿ ಮುಂದೆ ಕೇಳುವ ಮನುಷ್ಯ. ಸೂಪರ್ ಮಾರ್ಕೆಟ್ಟಿನಲ್ಲಿ ಹಾಗೆ ಯಾರೂ ಕೇಳುವುದಿಲ್ಲ, ನೀವು ನಿಜವಾಗಿಯೂ ಸೋಪು ತಿಂದರೂ ಅವರು ಥ್ಯಾಂಕ್ಯೂ ಎನ್ನುತ್ತಾರೆ.

ಆದರೆ ಚಾಚಾನ ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಒಂದು ಹಲಗೆ ಇತ್ತು. ಹಲಗೆಯ ತುಂಬ ಮೊಳೆಗಳು, ಮನೆಗೊಂದರಂತೆ. ಬೆಳಗ್ಗೆ ಬೀಗ ಹಾಕಿ ಹೊರಡುವವರೆಲ್ಲ ಕೀಲಿಕೈಯನ್ನು ಅಲ್ಲಿ ಕೊಟ್ಟು ಹೋಗುತ್ತಿದ್ದೆವು. ಯಾವ ಮೊಳೆ ಯಾರದೆಂದು ಬರೆದಿರಲಿಲ್ಲ. ಯಾರ ಕೈಗೆ ಯಾವ ಕೀಲಿಕೈ ಕೊಡಬೇಕು, ಯಾವ ಅಳಿಯನಿಗೆ ಕೊಡಬಾರದು ಎಂಬುದೆಲ್ಲ ಚಾಚಾನ ತಲೆಯಲ್ಲೇ ಇತ್ತು. ಇದಕ್ಕಾಗಿ ಅವನು ಒಂದು ಪೈಸೆ ಕೇಳಿದವನಲ್ಲ. ನಾವೂ ಇದನ್ನೊಂದು ಉಪಕಾರವೆಂದು ತಿಳಿದವರಲ್ಲ. ಅಂಗಡಿ ಎಂದ ಮೇಲೆ ಮೊಳೆ ಇರುತ್ತದೆ, ಅಷ್ಟೇ.

ನಮ್ಮ ಮನೆಗೆ ಆ ಮೊಳೆ ಬಹಳ ಬೇಕಾಗಿತ್ತು. ನನ್ನದು ಯಾದಗಿರಿಯಲ್ಲಿ ಕಚೇರಿ, ಹೆಂಡತಿಯದು ವನದುರ್ಗದಲ್ಲಿ ಶಾಲೆ. ಮನೆಗೆ ಇದ್ದಕ್ಕಿದ್ದಂತೆ ಬರುವವಳು ಸುರಪುರದ ನನ್ನ ಅಕ್ಕ. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರೆಂದರೆ ನನ್ನ ಈ ಮನೆ. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಹೇಳಿ ಬಂದವಳಲ್ಲ. ಮನಸ್ಸಾದಾಗ ಬಸ್ಸು ಹತ್ತುತ್ತಿದ್ದಳು, ಚಾಚಾನ ಅಂಗಡಿಯಲ್ಲಿ ಕೀಲಿಕೈ ಇಸಿದುಕೊಂಡು ಬಾಗಿಲು ತೆಗೆಯುತ್ತಿದ್ದಳು. ಸಂಜೆ ನಾನು ಬರುವ ಹೊತ್ತಿಗೆ ಮನೆಯಲ್ಲಿ ದೀಪ ಹತ್ತಿದ್ದರೆ, ಒಲೆಯ ಮೇಲೆ ಪುಂಡಿಪಲ್ಲೆ ಕುದಿಯುವ ವಾಸನೆ ಅಂಗಳದವರೆಗೆ ಬಂದಿದ್ದರೆ, ಅಕ್ಕ ಬಂದಿದ್ದಾಳೆಂದು ತಿಳಿಯಬೇಕು. ಅಂಥ ಸಂಜೆಗಳಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಇಂಥವನು ಚಾಚಾನನ್ನು ಬಿಟ್ಟು ಗಾಜಿನ ಬಾಗಿಲಿಗೆ ಏಕೆ ಹೋದೆ? ಬೇಳೆ ಅಲ್ಲಿ ಸ್ವಲ್ಪ ಅಗ್ಗ, ತಿರುಗಾಡಲು ತಂಪು. ಹೆಚ್ಚಿನ ಕಾರಣ ಹುಡುಕಿದರೆ ನನಗೇ ನಾಚಿಕೆಯಾಗುತ್ತದೆ. ಓಣಿಯವರೆಲ್ಲ ಹೋದರು, ಆದರೆ ಯಾರಿಗೂ ಸೂಪರ್ ಮಾರ್ಕೆಟ್ಟಿನ ಚೀಲ ಹಿಡಿದು ಚಾಚಾನ ಎದುರು ಹಾಯುವ ಧೈರ್ಯವಿರಲಿಲ್ಲ. ಹೀಗಾಗಿ ನಾವು ಮರ್ಯಾದಸ್ಥರೆಲ್ಲ ಹನುಮಪ್ಪನ ಗುಡಿ ಹಿಂದಿನ ಸಂದಿಯಿಂದ ಸುತ್ತು ಹಾಕಿ ಮನೆ ಸೇರತೊಡಗಿದೆವು. ಮೊದಲು ನಾಯಿಗಳೂ ಹೋಗದ ಸಂದಿ ಅದು. ಎರಡು ತಿಂಗಳಲ್ಲಿ ಜನಜಂಗುಳಿ ಎಷ್ಟಾಯಿತೆಂದರೆ, ಅಲ್ಲೊಬ್ಬ ಮಿರ್ಚಿ ಭಜಿಯ ಬಂಡಿ ಇಟ್ಟ. ಚೀಲ ಹಿಡಿದ ಇಬ್ಬರು ಅಲ್ಲಿ ಎದುರಾದರೆ ಮಾತಾಡುತ್ತಿರಲಿಲ್ಲ, ಇಬ್ಬರೂ ಗುಡಿಯ ಕಡೆ ತಿರುಗಿ ಕೈ ಮುಗಿಯುತ್ತಿದ್ದೆವು. ಹನುಮಪ್ಪನಿಗೆ ಅಷ್ಟು ಭಕ್ತರು ಹಿಂದೆಂದೂ ಇರಲಿಲ್ಲ.

ಸಾಮಾನು ಕೊಳ್ಳದೆ ಬರೀ ಕೀಲಿಕೈ ಕೊಡಲು ಚಾಚಾನ ಮುಂದೆ ಹೇಗೆ ನಿಲ್ಲುವುದು? ನಮ್ಮ ಕೀಲಿಕೈ ನನ್ನ ಜೇಬು ಸೇರಿತು. ಹೆಂಡತಿಯ ಹತ್ತಿರ ಇನ್ನೊಂದಿತ್ತು. ಎಲ್ಲವೂ ಸುಸೂತ್ರ ಎನ್ನುವಷ್ಟರಲ್ಲಿ ಪಂಚಮಿ ಬಂತು. ಪಂಚಮಿಗೆ ಅಕ್ಕ ಬರುವುದು ಖಂಡಿತ, ಯಾವ ದಿನವೆಂಬುದು ಅವಳಿಗೂ ಬಸ್ಸಿಗೂ ಬಿಟ್ಟದ್ದು. ಫೋನು ಮಾಡಿ ಕೇಳೋಣವೆಂದರೆ, ತವರಿಗೆ ಬರುವವಳನ್ನು ಯಾವಾಗ ಬರುತ್ತೀ ಎಂದು ಕೇಳುವುದು ಬರಬೇಡ ಎಂದಂತೆ. ಆಗ ನನ್ನ ಬುದ್ಧಿ ಚುರುಕಾಯಿತು. ಬೆಳಗ್ಗೆ ಬಸ್ಸಿಗೆ ಹೋಗುವಾಗ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಚೀಲ ಇಡುವ ಕೌಂಟರಿಗೆ ಹೋಗಿ ಕೀಲಿಕೈ ಕೊಟ್ಟೆ. ಅಕ್ಕ ಬಂದು ಫೋನು ಮಾಡಿದರೆ ಅಲ್ಲಿಗೆ ಹೋಗೆಂದರಾಯಿತು ಎಂಬುದು ನನ್ನ ಲೆಕ್ಕ.

"ನಮ್ಮಕ್ಕ ಬಂದರ ಕೊಡಪಾ. ಕೆಂಪಗ ಎತ್ತರ ಇದ್ದಾಳ, ಮೂಗಬಟ್ಟು ಹಾಕ್ಯಾಳ."

ಕೌಂಟರಿನವನು ಏನನ್ನೂ ಕೇಳಿಸಿಕೊಳ್ಳದೆ ಕೀಲಿಕೈಯನ್ನು ಒಂದು ಖಾನೆಗೆ ಎಸೆದು ನನ್ನ ಕೈಗೆ ಹದಿನೇಳನೇ ಟೋಕನ್ ಕೊಟ್ಟ. ಎಷ್ಟು ಶಿಸ್ತು ನೋಡಿ, ಚಾಚಾ ಎಂದಾದರೂ ಟೋಕನ್ ಕೊಟ್ಟಿದ್ದನೇ ಎಂದು ಮೆಚ್ಚಿಕೊಳ್ಳುತ್ತ ನಾನು ಯಾದಗಿರಿ ಬಸ್ಸು ಹತ್ತಿದೆ.

ಅಕ್ಕ ಅಂದೇ ಬಂದಳು. ಹನ್ನೊಂದರ ಹೊತ್ತಿಗೆ, ಶೇಂಗಾ ಉಂಡಿಯ ಡಬ್ಬಿ ಹಿಡಿದು, ಎಂದಿನಂತೆ ನೇರ ಚಾಚಾನ ಅಂಗಡಿಗೆ. ನಮ್ಮ ಮೊಳೆ ಬರಿದಾಗಿತ್ತು. ಚಾಚಾ ಫೋನು ಮಾಡಿದ. ನಾನು ತೊದಲುತ್ತ ಕೀಲಿಕೈ ಎಲ್ಲಿದೆಯೆಂದು ಹೇಳಿದೆ. "ಹೌದೇನ್ರಿ" ಎಂದಷ್ಟೇ ಅಂದು ಅವನು ಫೋನಿಟ್ಟ.

ಮುಂದಿನದನ್ನು ಅಕ್ಕ ಹೇಳಿದಳು. ಚಾಚಾ ಅಂಗಡಿಗೆ ಪರದೆ ಎಳೆದು ಅವಳ ಜೊತೆ ತಾನೇ ಸೂಪರ್ ಮಾರ್ಕೆಟ್ಟಿಗೆ ಹೋದನಂತೆ. ಅದು ತೆರೆದ ಮೇಲೆ ಅವನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬೆಳಗಿನವನ ಪಾಳಿ ಮುಗಿದು ಬೇರೊಬ್ಬ ಬಂದಿದ್ದ. ಮೊದಲು ಚಾಚಾನ ಹೆಗಲಿನ ಚೀಲವನ್ನು ಇಸಿದುಕೊಂಡು ಅವನ ಕೈಗೂ ಒಂದು ಟೋಕನ್ ಕೊಟ್ಟನಂತೆ.

"ನಾ ಖರೀದಿಗೆ ಬಂದಿಲ್ಲಪಾ, ನಮ್ಮ ಓಣಿ ಸರ ಅವರ ಚಾವಿ ಇಲ್ಲಿ ಅದ ಅಂತ. ಇಕಿ ಅವರ ಅಕ್ಕ. ನನಗ ಗೊತ್ತದ."

"ನಿಮಗ ಗೊತ್ತಿದ್ರ ಏನ್ ಮಾಡ್ಲಿರಿ? ಟೋಕನ್ ಇಲ್ದ ಕೊಡಂಗಿಲ್ಲ."

ಟೋಕನ್ ಯಾದಗಿರಿಯಲ್ಲಿ ನನ್ನ ಜೇಬಿನಲ್ಲಿತ್ತು. ಸಾಹೇಬರ ತಪಾಸಣೆ ನಡೆದಿದ್ದರಿಂದ ನಾನು ಕಚೇರಿ ಬಿಟ್ಟು ಏಳುವಂತಿರಲಿಲ್ಲ. ನಾಲ್ಕೂವರೆಗೆ ಹೆಂಡತಿ ಶಾಲೆಯಿಂದ ಬಂದು ಬಾಗಿಲು ತೆಗೆಯುವವರೆಗೆ ಅಕ್ಕ ಚಾಚಾನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಚಾಚಾನ ಮನೆಯಿಂದ ಊಟ ಬಂತು, ಎರಡು ಸಲ ಚಹಾ ಬಂತು. ಸುಮ್ಮನೆ ಕೂರಲಾರದೆ ಅವನ ಶೇಂಗಾ ಹಸನು ಮಾಡಿಕೊಟ್ಟಳಂತೆ. ನಾನು ಬಂದಾಗ ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ತವರಮನಿ ಬಾಗಲಾ ತಗ್ಯಾಕ ಬಿಲ್ಲೆ ಬೇಕಾತು ನೋಡು ತಮ್ಮಾ" ಎಂದಳು. ಅಷ್ಟೇ.

ಮರುದಿನ ಟೋಕನ್ ಹಿಡಿದು ಹೋದರೆ ಖಾನೆಯಲ್ಲಿ ಕೀಲಿಕೈಯೇ ಇಲ್ಲ. ರಾತ್ರಿ ಖಾನೆಗಳನ್ನೆಲ್ಲ ಸ್ವಚ್ಛ ಮಾಡುತ್ತಾರಂತೆ, ಸ್ವಚ್ಛತೆಯಲ್ಲಿ ಅವರು ಎತ್ತಿದ ಕೈ. ಹೊಸ ಬೀಗ ತರಬೇಕಾಯಿತು. ಈ ಸಲ ಸಂದಿ ಹಿಡಿಯದೆ ನೆಟ್ಟಗೆ ಚಾಚಾನ ಹತ್ತಿರವೇ ಹೋದೆ. ಬೀಗ ಕೊಂಡು, ಅದರ ಕೀಲಿಕೈಗಳಲ್ಲಿ ಒಂದನ್ನು ಅವನ ಮುಂದಿಟ್ಟೆ.

"ಚಾಚಾ, ಇದು ಮೊಳಿಗಿ."

ಚಾಚಾ ಅದನ್ನು ಮುಟ್ಟಲಿಲ್ಲ. "ಬ್ಯಾಳಿ ಅಲ್ಲಿ, ಭರೋಸಾ ಇಲ್ಲಿ. ಬರೇ ಭರೋಸಾದ ಮ್ಯಾಲ ಅಂಗಡಿ ನಡಿಯಂಗಿಲ್ರಿ ಸರ. ಈ ತಿಂಗಳಾ ಮುಗಿದ್ರ ಬಂದ್ ಮಾಡಾಕತ್ತೇನಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಸಕ್ಕರೆ ಮುಗಿದಿದೆ ಎಂದಂತೆ ಹೇಳಿದ. ನಾನು ಅಂದು ಬೇಕಿಲ್ಲದ ಸಾಮಾನನ್ನೆಲ್ಲ ಅವನಿಂದ ಕೊಂಡೆ, ಓಣಿಯ ಮನೆ ಮನೆಗೆ ಹೋಗಿ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಎಂದರು. ಒಂದು ವಾರ ಎಲ್ಲರೂ ಅಲ್ಲಿಗೇ ಹೋದರು ಕೂಡ. ಎರಡನೇ ವಾರ ಸೂಪರ್ ಮಾರ್ಕೆಟ್ಟಿನಲ್ಲಿ ಎಣ್ಣೆಗೆ ಏನೋ ಆಫರ್ ಬಂತು, ಹನುಮಪ್ಪನಿಗೆ ಭಕ್ತರು ಮರಳಿದರು.

ತಿಂಗಳ ಕೊನೆಯ ಶುಕ್ರವಾರ ನಮಾಜು ಮುಗಿಸಿ ಚಾಚಾ ಮನೆ ಮನೆಗೆ ಬಂದ. ಕೈಯಲ್ಲಿ ಒಂದು ಡಬ್ಬಿ. ಹಲಗೆಯಿಂದ ಮೊಳೆಗಳನ್ನು ಕಿತ್ತು ತಂದಿದ್ದ. ಕಿತ್ತರೂ ಯಾವುದು ಯಾರದೆಂದು ಮರೆತಿರಲಿಲ್ಲ.

"ಇದು ನಿಮ್ಮ ಮೊಳಿರಿ ಸರ. ನಿಮ್ಮ ಮದುವಿ ಆದ ವರ್ಷ ಬಡದಿದ್ದೆ. ಮನ್ಯಾಗ ಎಲ್ಲ್ಯಾರ ಬಡ್ಕೋರಿ."

ಬಾಗಿಲ ಪಕ್ಕ ಒಳಗೋಡೆಗೆ ಬಡಿದುಕೊಂಡೆ. ಬಡಿದಾದ ಮೇಲೆ ಹೊಳೆಯಿತು, ಬೀಗ ಹಾಕಿ ಹೊರಗೆ ಹೋದವನ ಕೀಲಿಕೈಗೆ ಮನೆಯೊಳಗಿನ ಮೊಳೆಯಿಂದ ಏನು ಉಪಯೋಗ? ಚಾಚಾನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನಾನು ಬೇಳೆಯನ್ನು ಕಡಿಯದೇ ಕೊಳ್ಳುವುದನ್ನು ಕಲಿತಿದ್ದೇನೆ.

ಇದಾಗಿ ವರ್ಷವಾಯಿತು. ಇಂದು ಸಿಕ್ಕ ಟೋಕನ್ನನ್ನು ಆ ಬರಿದಾದ ಮೊಳೆಗೆ ತೂಗು ಹಾಕುತ್ತಿದ್ದೆ, ಅಷ್ಟರಲ್ಲಿ ಫೋನು ಬಂತು. ಅಕ್ಕ.

"ತಮ್ಮಾ, ಪಂಚಮಿಗಿ ಬರ್ಲೇನು? ಮನ್ಯಾಗ ಯಾರರ ಇರ್ತೀರೇನು?"

ಇಪ್ಪತ್ತೆರಡು ವರ್ಷ ಕೇಳದವಳು ಕೇಳಿದಳು. ಬಾ ಅಕ್ಕಾ, ನಾನು ಮನೆಯಲ್ಲೇ ಇರುತ್ತೇನೆ ಎಂದೆ. ಕಚೇರಿಗೆ ಹೋಗಿ ಎರಡು ದಿನದ ರಜೆಗೆ ಅರ್ಜಿ ಬರೆದೆ. ಕಾರಣ ಎಂಬಲ್ಲಿ 'ಅಕ್ಕನಿಗೆ ಬಾಗಿಲು ತೆಗೆಯಲು' ಎಂದು ಬರೆದರೆ ಸಾಹೇಬರು ನಕ್ಕಾರೆಂದು, ಜ್ವರ ಎಂದು ಬರೆದೆ.