ನಗುವ ಬೆಕ್ಕು, ಅಂಗಳದ ನಳ

ಅದು 1996ನೆಯ ಇಸವಿ. ಆಗ ನನಗೆ ಇಪ್ಪತ್ತಾರು ವರ್ಷ. ಈಚೆಗೆ ಸಾಣಾಪುರದ ಕೆರೆಯ ಬಳಿಯ ವಸತಿಗೃಹವೊಂದರಲ್ಲಿ ಆಗಿನ ನಮ್ಮ ವಠಾರದ ಆ ಹಳೆಯ ಪಿನ್‌ಬಾಲ್ ಯಂತ್ರವನ್ನು, ಗುಂಡು ಚಿಮ್ಮಿಸುವ ಆಟದ ಪೆಟ್ಟಿಗೆಯನ್ನು, ಮತ್ತೆ ಕಂಡೊಡನೆ ಅದೇ ವಯಸ್ಸಿನ ಭಯ ನನ್ನನ್ನು ಹಿಡಿದು ನಿಲ್ಲಿಸಿತು. ಗಾಜಿನ ಮೇಲೆ ಅದೇ ಕಾರ್ಟೂನು ಬೆಕ್ಕು: ಕೆಂಪು ಟೊಪ್ಪಿಗೆ, ಮುಖದ ತುಂಬ ಹಲ್ಲು...

ಗಂಗಾವತಿಯಲ್ಲಿ ನಾವು ಬಾಡಿಗೆಗಿದ್ದ ವಠಾರದ ಮುಂಭಾಗದಲ್ಲಿ ಸೈಕಲ್ ಅಂಗಡಿಯವರೊಬ್ಬರಿದ್ದರು. ಎಲ್ಲರಿಗೂ ಅವರು ಚಾಚಾ. ಮುಂಬೈಯ ಗುಜರಿಯಿಂದ ಆ ಯಂತ್ರವನ್ನು ತಂದು, ಸೋರುವ ಕರೆಂಟು ನೆಲಕ್ಕಿಳಿಯಲೆಂದು ಅದರ ಅರ್ಥಿಂಗ್ ತಂತಿಯನ್ನು ಅಂಗಳದ ನಳದ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಆಗ ಹಲವರು ಹಾಗೆಯೇ ಮಾಡುತ್ತಿದ್ದರು. ಯಂತ್ರ ಚಾಲೂ ಆದೊಡನೆ ಬೆಕ್ಕು ಕರ್ಕಶವಾಗಿ ನಗುತ್ತಿತ್ತು, ನಳ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಆದ್ದರಿಂದ ನಳ ಮುಟ್ಟುವ ಮುನ್ನ ಕೂಗಿ ಕೇಳುವುದು ವಠಾರದ ಹೆಂಗಸರಿಗೆ ರೂಢಿಯಾಯಿತು.

"ಚಾಚಾ, ಬೆಕ್ಕು ಮಲಗೈತೇನ್ರಿ?"

ಅವರು ಸ್ವಿಚ್ ಆರಿಸಿ ಉತ್ತರಿಸುತ್ತಿದ್ದರು: "ಮಲಗೈತಿ, ಹಿಡೀರವ್ವಾ!"

ಎಲ್ಲರೂ ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ. ನನ್ನ ಹೆಂಡತಿಗೆ ಆಗ ಆರನೆಯ ತಿಂಗಳು. ಅರ್ಥಿಂಗಿಗೆ ಬೇರೆ ಗುಂಡಿ ತೋಡಿಸಿರೆಂದು ಬೇಡಿಕೊಂಡೆ.

"ಬರೋ ಶುಕ್ರವಾರ ಉಪ್ಪು, ಇದ್ದಿಲು ತಂದು ತಗ್ಗು ತೋಡ್ತೀನ್ರಿ ಮಾಸ್ತರ. ಹುಡುಗೋರಕಿಂತ ನೀವ ಭಾಳ ಅಂಜ್ತೀರಿ ಬಿಡ್ರಿ!"

ಶುಕ್ರವಾರಗಳು ಬಂದವು, ಹೋದವು...

ಒಂದು ಮುಂಜಾನೆ ಕರೆಂಟು ಹೋಗಿತ್ತು. ಹೆಂಡತಿ ರೂಢಿಯಂತೆ ಕೂಗಿ ಕೇಳಿದಳು.

"ಕರೆಂಟ ಇಲ್ಲ ಬೇಟಿ, ಬೆಕ್ಕು ಸತ್ತ ಹೋಗೈತಿ!" ಎಂದು ಚಾಚಾ ನಕ್ಕರು. ಸ್ವಿಚ್ ಆರಿಸಲು ಮರೆತರು.

ಅವಳು ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ನಳವನ್ನು ಹಿಡಿದಳು. ಆಗ ಬೆಕ್ಕು ನಕ್ಕಿತು.

ಅವಳ ಬಾಯಿಂದ ಶಬ್ದ ಹೊರಡಲಿಲ್ಲ. ಕೈ ನಳವನ್ನು ಬಿಡಲಿಲ್ಲ. ನಾನು ಓಡಿ ಬರುವಷ್ಟರಲ್ಲಿ ಚಾಚಾ ಗೋಡೆಗುಂಟ ನಳಕ್ಕೆ ಹೋಗಿದ್ದ ಅರ್ಥಿಂಗ್ ತಂತಿಯನ್ನು ಬರಿಗೈಯಿಂದಲೇ ಹಿಡಿದು ಕಿತ್ತೆಸೆದಿದ್ದರು. ಸುಟ್ಟ ಚರ್ಮದ ಆ ವಾಸನೆ...

ಅವಳಿಗೆ ಪ್ರಜ್ಞೆಯಿತ್ತು. ಆದರೆ ಹೊಟ್ಟೆಯೊಳಗಿನ ಕೂಸು ಅಲುಗಲಿಲ್ಲ. ಡಾಕ್ಟರು ಕಾದು ನೋಡಿರೆಂದರು. ದಿನವಿಡೀ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಅಂಗೈಗೆ ಬಟ್ಟೆ ಸುತ್ತಿಕೊಂಡ ಚಾಚಾ ನಮ್ಮ ಹೊಸ್ತಿಲಾಚೆ ನಿಂತೇ ಇದ್ದರು. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಸಂಜೆಗೆ ಅವಳು ಮೆಲ್ಲಗೆ ಹೇಳಿದಳು: "ಒದೀತು ನೋಡ್ರಿ." ಚಾಚಾ ಗೋಡೆಗುಂಟ ಕುಸಿದು ಕುಳಿತು ಅತ್ತುಬಿಟ್ಟರು.

ಯಂತ್ರದ ಪ್ಲಗ್ಗನ್ನು ಅಂದೇ ಕತ್ತರಿಸಿ ಎಸೆದು, ಯಂತ್ರವನ್ನು ಗುಜರಿಗೆ ಮಾರಿದರು. ಅವರ ಬಲಗೈಯ ಎರಡು ಬೆರಳುಗಳು ಮತ್ತೆಂದೂ ಮಡಚಲಿಲ್ಲ. ನಮಗೆ ಮಗಳು ಹುಟ್ಟಿದ ಮೇಲೆ, ಕಂಡಾಗಲೆಲ್ಲ "ಬೆಕ್ಕಿನಮರಿ ಹ್ಯಾಂಗದಾಳ್ರಿ?" ಎಂದು ವಿಚಾರಿಸುತ್ತಿದ್ದರು. ಅವರು ತೀರಿಕೊಂಡರು, ಹಾಗೆ ಕೇಳುವವರು ಈಗ ಯಾರೂ ಇಲ್ಲ.

ಸಾಣಾಪುರದಲ್ಲಿ ಆ ಯಂತ್ರಕ್ಕೆ ಹೊಸ ಪ್ಲಗ್ಗು ಬಂದಿತ್ತು. ಕೆರೆಯಿಂದ ಬಂದ ಮಕ್ಕಳು ಒದ್ದೆ ಕಾಲುಗಳಲ್ಲಿಯೇ ಅದನ್ನು ಮುತ್ತಿದ್ದರು. ಅರ್ಥಿಂಗ್ ಎಲ್ಲಿದೆಯೆಂದು ಮಾಲೀಕರನ್ನು ಕೇಳಿದೆ.

"ನಳದ ಪೈಪಿಗೆ ಸುತ್ತೇವ್ರಿ ಸರ್. ಏನೂ ಆಗೂದಿಲ್ಲ ಬಿಡ್ರಿ."

ನಾನೇ ಹೋಗಿ ಮೇನ್ ಸ್ವಿಚ್ ಆರಿಸಿದೆ. ಮಾಲೀಕರು ಗೊಣಗಿದರು. ಅವರು ಅಂಗಳದಲ್ಲಿ ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿ, ನೀರು ಹೊಯ್ದು, ತಂತಿಯನ್ನು ನಳದಿಂದ ಬಿಚ್ಚಿ ಅದರಲ್ಲಿ ಹೂಳುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಕರೆಂಟು ಕೊಟ್ಟರು; ಬೆಕ್ಕು ನಕ್ಕಿತು. ಬೆರಳುಗಳ ಹಿಂಬದಿಯಿಂದ ನಳವನ್ನು ಮುಟ್ಟಿದೆ. ತಣ್ಣಗಿತ್ತು, ಅಷ್ಟೆ.

ಚಾಚಾ ಅವರನ್ನು ಕೂಗಿ ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ...

ಅವರು ತೋಡುತ್ತೇನೆಂದಿದ್ದ ಗುಂಡಿ ಸಿದ್ಧವಾದದ್ದು 2025ನೆಯ ಇಸವಿಯ ನವೆಂಬರ್ 21ರಂದು. ಶುಕ್ರವಾರ.