ಆರುನೂರ ನಲವತ್ತು ಕುರ್ಚಿ, ಎರಡು ಕಿವಿ

ಬೆಳಗಿನ ಐದೂಕಾಲು. ನಾಟಕಮಂದಿರದ ಹಿಂಬಾಗಿಲ ಬೀಗ ತೆಗೆದು ಒಳಗೆ ಬಂದವರು ಮೊದಲು ದೀಪ ಹಾಕುವುದಿಲ್ಲ. ಕತ್ತಲಲ್ಲೇ ಇಪ್ಪತ್ತನೆಯ ಸಾಲಿನ ಕಟ್ಟಕಡೆಯ ಕುರ್ಚಿಯವರೆಗೆ ನಡೆದುಹೋಗಿ ಅದರ ಮೇಲೆ ಕೈಚೀಲ, ಚಹಾದ ಫ್ಲಾಸ್ಕು, ಮಡಚಿದ ಸ್ವೆಟರು ಇಡುತ್ತಾರೆ. ದೀಪ ಹಾಕುವುದು ಆಮೇಲೆ. ಮಂಡಿಗೆ ದಪ್ಪ ಬಟ್ಟೆ ಕಟ್ಟಿಕೊಂಡು, ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು, ಮೊದಲ ಸಾಲಿನ ಮೊದಲ ಕುರ್ಚಿಯ ಅಡಿಗೆ ತಲೆ ತೂರಿಸುತ್ತಾರೆ. ಅಲ್ಲಿಂದ ಮುಂದಿನ ನಾಲ್ಕು ಗಂಟೆ ಅವರನ್ನು ಮಾತಾಡಿಸಬೇಕೆಂದರೆ ಕುರ್ಚಿಯ ಜೊತೆ ಮಾತಾಡಿದ ಹಾಗೇ ಆಗುತ್ತದೆ. ಮುಖ ಕಾಣಿಸುವುದಿಲ್ಲ, ದನಿ ಮಾತ್ರ ಬರುತ್ತದೆ.

"ಇವತ್ತು ಇವುಗಳ ಬಾಯಿ ಮುಚ್ಚಿಸೋ ದಿನ" ಎನ್ನುತ್ತದೆ ಆ ದನಿ, ನಗುತ್ತಾ. "ಹತ್ತು ದಿನ ಚೆನ್ನಾಗಿ ಮಾತಾಡಿದಾವೆ. ಸಾಕು."

ಇವತ್ತು ಮಧ್ಯಾಹ್ನ ಮೂರಕ್ಕೆ ಹೊಸ ಸಂಗೀತ ನಾಟಕದ ಉದ್ಘಾಟನಾ ಪ್ರದರ್ಶನ. ಕಳೆದ ಹತ್ತು ದಿನ ನಡೆದದ್ದು ಪ್ರಿವ್ಯೂಗಳು. ಅಂದರೆ, ನಾಟಕ ಇನ್ನೂ ಪೂರ್ತಿ ಬೆಂದಿರುವುದಿಲ್ಲ. ಆಗಲೇ ಜನರನ್ನು ಕರೆದು ಕೂರಿಸಿ, ಎಲ್ಲಿ ನಗುತ್ತಾರೆ, ಎಲ್ಲಿ ಆಕಳಿಸುತ್ತಾರೆ ನೋಡಿಕೊಂಡು ತಿದ್ದುವುದು. ಪ್ರೇಕ್ಷಕರ ಮನಸ್ಸು ತಿಳಿಯಲು ಬಾಗಿಲಲ್ಲಿ ಅಭಿಪ್ರಾಯದ ಚೀಟಿ ಹಂಚುತ್ತಾರೆ. ಆದರೆ ಈ ಮಂದಿರದಲ್ಲಿ ಚೀಟಿಗಿಂತ ಹಳೆಯದೊಂದು ಉಪಾಯವಿದೆ. ಅದು ಈ ಹೆಂಗಸಿನ ಕೈಯಲ್ಲಿ, ಸರಿಯಾಗಿ ಹೇಳಬೇಕೆಂದರೆ ಅವರು ಹಾಕದೆ ಬಿಡುವ ಎಣ್ಣೆಯಲ್ಲಿ ಇದೆ.

ವಯಸ್ಸು ಐವತ್ತೇಳು. ಕೆಲಸ, ಕುರ್ಚಿ ರಿಪೇರಿ. ನಟರಿಂದ ಹಿಡಿದು ಟಿಕೆಟ್ ಹರಿಯುವವರವರೆಗೆ ಎಲ್ಲರಿಗೂ ಅವರು ಕುರ್ಚಿಯಮ್ಮ. ಇಪ್ಪತ್ತು ಸಾಲು, ಸಾಲಿಗೆ ಮೂವತ್ತೆರಡು ಕುರ್ಚಿ, ಕುರ್ಚಿಗೆ ಎರಡು ಕೀಲು, ಕೀಲಿಗೊಂದು ತೊಟ್ಟು ಎಣ್ಣೆ. ಎರಡನೆಯ ತೊಟ್ಟು ಬಿದ್ದರೆ ಕೂತವರ ಬಟ್ಟೆಗೆ ಹತ್ತುತ್ತದೆ, ಆಮೇಲೆ ಮ್ಯಾನೇಜರ ಮುಖ ನೋಡುವ ಹಾಗಿರುವುದಿಲ್ಲ. ಎಲ್ಲವೂ ಎದ್ದ ಕೂಡಲೇ ತಾವೇ ಮಡಚಿಕೊಳ್ಳುವ ಸ್ಪ್ರಿಂಗ್ ಕುರ್ಚಿಗಳು. ವಾರಕ್ಕೆ ಸರಾಸರಿ ಹದಿನೆಂಟು ನಟ್ಟು ಸಡಿಲವಾಗುತ್ತವೆ, ಎರಡು ಸ್ಪ್ರಿಂಗ್ ಪ್ರಾಣ ಬಿಡುತ್ತವೆ, ಮೂರು ಸೀಟು ಹರಿಯುತ್ತವೆ. ಒಂದು ಕುರ್ಚಿಯಡಿ ಚೂಯಿಂಗ್ ಗಮ್ ಅಂಟಿಸಿ ಹೋಗುವ ಪುಣ್ಯಾತ್ಮ ಯಾರೋ ಒಬ್ಬರಿದ್ದಾರೆ. ಪ್ರತಿ ನಾಟಕಕ್ಕೂ ಬರುತ್ತಾರೆ, ಪ್ರತಿ ಸಲವೂ ಅದೇ ಕುರ್ಚಿ.

ಮೊದಲು ಈ ಕೆಲಸ ಗಂಡನದಾಗಿತ್ತು. ಒಂಬತ್ತೂವರೆ ವರ್ಷದ ಹಿಂದೆ ಒಂದಿಡೀ ಸಾಲನ್ನು ಕಿತ್ತು ಎತ್ತುವಾಗ ಅವರ ಬೆನ್ನು ಹಿಡಿದುಕೊಂಡಿತು. ಡಾಕ್ಟರು ಇನ್ನು ಬಗ್ಗುವ ಕೆಲಸ ಬೇಡವೆಂದರು. ಕುರ್ಚಿ ರಿಪೇರಿಯಲ್ಲಿ ಬಗ್ಗದೆ ಇರುವ ಕೆಲಸ ಯಾವುದಿದೆ? ಮಗಳ ಓದು ಮುಗಿದಿರಲಿಲ್ಲ, ಮನೆ ಅರ್ಧ ವರ್ಷ ಕಷ್ಟದಲ್ಲೇ ನಡೆಯಿತು. ಒಂದು ಬೆಳಿಗ್ಗೆ ಹೆಂಡತಿ ಗಂಡನ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡು ಮ್ಯಾನೇಜರ ಮುಂದೆ ಹೋಗಿ ನಿಂತರು. ಅವರು ನಕ್ಕರು. ನಗಲಿ ಎಂದು ಬಿಟ್ಟು ಇವರು ಅವರದೇ ಕೋಣೆಯ ಅಲುಗಾಡುವ ಕುರ್ಚಿಯನ್ನು ಮಗುಚಿ ಹಾಕಿ, ಐದು ನಿಮಿಷದಲ್ಲಿ ಸರಿಮಾಡಿ, "ಈಗ ಕೂತ್ಕೊಂಡು ನಗಿ ಸಾರ್" ಎಂದರು. ಮ್ಯಾನೇಜರು ಮರುದಿನದಿಂದ ಕೆಲಸಕ್ಕೆ ಬರಲು ಹೇಳಿದರು.

ಗಂಡ ಈಗ ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ನೆಟ್ಟಗೆ ಕೂತು, ಹರಿದ ಸೀಟುಗಳಿಗೆ ಹೊಸ ಕವರು ಹೊಲಿಯುತ್ತಾರೆ. "ಕಬ್ಬಿಣ ನಂದು, ಬಟ್ಟೆ ಅವರದು" ಎಂದು ಕುರ್ಚಿಯಮ್ಮ ಮನೆಯ ಕೆಲಸ ಹಂಚಿಕೆ ವಿವರಿಸುತ್ತಾರೆ. ಇಬ್ಬರಿಗೂ ಒಂದೇ ಎಣ್ಣೆ, ಹೊಲಿಗೆ ಮೆಷಿನ್ನಿನದು. ಅದಕ್ಕಾಗಿ ದಿನಾ ಜಗಳ. ಬೆಳಿಗ್ಗೆ ಡಬ್ಬಿ ಇವರು ತಂದುಬಿಟ್ಟರೆ ಅಲ್ಲಿ ಅವರ ಮೆಷಿನ್ನು ಗೊಣಗುತ್ತದೆ, ಜೊತೆಗೆ ಅವರೂ ಗೊಣಗುತ್ತಾರೆ.

ಎಣ್ಣೆಯ ಉಪಾಯ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಎಂಟು ವರ್ಷದ ಹಿಂದೆ, ಬೇರೊಂದು ನಾಟಕದ ಪ್ರಿವ್ಯೂ ಸಮಯದಲ್ಲಿ ಇವರಿಗೆ ಜ್ವರ ಬಂತು. ವಾರವಿಡೀ ಕುರ್ಚಿಗಳು ಎಣ್ಣೆ ಕಾಣಲಿಲ್ಲ. ಮೂರನೆಯ ದಿನ ಕಿರುಗುಡುವ ಸದ್ದಿಗೆ ನಿರ್ದೇಶಕಿ ಕೆಂಡವಾದರು. ನಾಲ್ಕನೆಯ ದಿನ ಸದ್ದು ಎಲ್ಲೆಲ್ಲಿ ಬರುತ್ತದೆಂದು ಬರೆದಿಟ್ಟುಕೊಂಡರು. ಐದನೆಯ ದಿನ ಅವರೇ ಇವರ ಮನೆ ಹುಡುಕಿಕೊಂಡು ಬಂದು, ಹಾಸಿಗೆಯ ಪಕ್ಕ ಕೂತು, "ಅಮ್ಮಾ, ದಿನಾ ಒಂದೇ ದೃಶ್ಯದಲ್ಲಿ ಕುರ್ಚಿ ಕಿರುಗುಟ್ತಾವಲ್ಲ, ಯಾಕೆ?" ಎಂದು ಕೇಳಿದರು. "ಜನಕ್ಕೆ ಬೇಜಾರಾಗಿ ಮಗ್ಗುಲು ಬದಲಾಯಿಸ್ತಾರೆ ಮೇಡಂ. ಕೈ ಮರ್ಯಾದೆಗೆ ಚಪ್ಪಾಳೆ ಹೊಡೆಯುತ್ತೆ. ಕುಂಡೆಗೆ ಆ ಮರ್ಯಾದೆ ಎಲ್ಲಿಂದ ಬರ್ಬೇಕು?" ಎಂದರು ಇವರು ಜ್ವರದಲ್ಲೇ. ಆ ದೃಶ್ಯ ಹೋಯಿತು, ನಾಟಕ ಗೆದ್ದಿತು. ಅಂದಿನಿಂದ ಈ ಮಂದಿರದಲ್ಲಿ ಪ್ರಿವ್ಯೂ ಮುಗಿಯುವವರೆಗೆ ಎಣ್ಣೆ ಬಂದ್. ಇವರು ಕೊನೆಯ ಸಾಲಿನ ಹಿಂದೆ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಹೀಗೆ ಹನ್ನೊಂದು ನಾಟಕ ಕೇಳಿದ್ದಾರೆ, ಒಂದನ್ನೂ ನೋಡಿಲ್ಲ.

ಈ ಸಲದ್ದು ಹನ್ನೆರಡನೆಯದು, ಮತ್ತು ಈ ಸಲವೇ ಎಡವಟ್ಟಾದದ್ದು. ನಾಟಕದ ಕಥೆ ಒಂದು ದೋಣಿಕಟ್ಟೆಯದು. ಹೊಳೆಗೆ ಸೇತುವೆ ಬರುತ್ತದೆ, ದೋಣಿ ನಿಲ್ಲುತ್ತದೆ. ಮೊದಲರ್ಧದ ಕೊನೆಗೆ ದೋಣಿ ನಡೆಸುವ ಮುದುಕಿ ತನ್ನ ದೋಣಿಯನ್ನು ಮಲಗಿಸುವ ಹಾಡಿದೆ, ನಾಲ್ಕು ನಿಮಿಷದ್ದು. ಹಾಡುವವರನ್ನು ಎಲ್ಲರೂ ಹಿಮ್ಮೇಳದ ಅಕ್ಕ ಎಂದೇ ಕರೆಯುವುದು. ಮೂವತ್ತೊಂದು ವರ್ಷ ಹಿಂದಿನ ಸಾಲಲ್ಲಿ ನಿಂತು ಇತರರ ಹಾಡಿಗೆ ದನಿ ಕೂಡಿಸಿದವರು. ಒಂಟಿಯಾಗಿ ಹಾಡಲು ಸಿಕ್ಕಿದ ಮೊದಲ ಹಾಡು ಇದೇ. ಮೊದಲ ದಿನ ಮೇಕಪ್ ಕೋಣೆಯಲ್ಲಿ ಅವರು ಗಡಿಬಿಡಿಯಲ್ಲಿ ಬರೆದುಕೊಂಡ ಹಣೆಯ ಸುಕ್ಕಿನ ಗೆರೆಯೊಂದು ಕಿವಿಯವರೆಗೆ ಹೋಗಿತ್ತಂತೆ.

ಎರಡು ಪ್ರಿವ್ಯೂ ಆದವು. ಎರಡರಲ್ಲೂ ಆ ಹಾಡಿನ ನಡುವೆ ಕುರ್ಚಿಗಳು ಕಿರುಗುಟ್ಟಿದವು, ಅದೂ ಜೋರಾಗಿ. ಚೀಟಿಗಳಲ್ಲಿ ಎಪ್ಪತ್ತು ಮಂದಿ "ಮುದುಕಿಯ ಹಾಡು ಉದ್ದವಾಯಿತು" ಎಂದು ಬರೆದಿದ್ದರು. ಎಂಟು ವರ್ಷದಲ್ಲಿ ಕುರ್ಚಿಯಮ್ಮನ ವಿದ್ಯೆ ಕಲಿತಿದ್ದ ನಿರ್ದೇಶಕಿ ಇವರನ್ನು ಕೇಳಲೂ ಇಲ್ಲ. ಮೂರನೆಯ ದಿನ ಕೊನೆಯ ಸಲ ನೋಡಿ, ಹಾಡು ತೆಗೆದುಬಿಡುವುದು ಎಂದು ತೀರ್ಮಾನಿಸಿದರು. ಹಿಮ್ಮೇಳದ ಅಕ್ಕನಿಗೆ ಸುದ್ದಿ ಮುಟ್ಟಿತು. ಅವರು ಅಳಲಿಲ್ಲ, ಜಗಳ ಮಾಡಲಿಲ್ಲ. ಎರಡನೆಯ ಪ್ರಿವ್ಯೂ ಮುಗಿದ ಸಂಜೆ ಕುರ್ಚಿಯಮ್ಮನ ಪಕ್ಕ ಬಂದು ಕೂತು, ಅವರ ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ ಕುಡಿದು, "ಎರಡು ದಿನ ಹಾಡಿದೆನಲ್ಲ, ಬಿಡು" ಎಂದಷ್ಟೇ ಹೇಳಿ ಹೋದರು.

"ನಾನೇ ಎಣ್ಣೆ ಹಾಕದೆ ಬಿಟ್ಟಿದ್ದು" ಎನ್ನುತ್ತಾರೆ ಕುರ್ಚಿಯಮ್ಮ, ಒಂಬತ್ತನೆಯ ಸಾಲಿನ ಅಡಿಯಿಂದ. "ನಾನು ಹೇಳಿಕೊಟ್ಟ ಪಾಠದಿಂದಲೇ ಅವಳ ಹಾಡು ಹೋಗ್ತಿತ್ತು."

ಅವರಿಗೊಂದು ಅನುಮಾನವೂ ಇತ್ತು. ಬೇಜಾರಿನ ಕಿರುಗು ಅಲ್ಲೊಂದು ಇಲ್ಲೊಂದು ಏಳುತ್ತದೆ. ಒಬ್ಬರು ಎಡಕ್ಕೆ ವಾಲಿದರೆ ಇನ್ನೊಬ್ಬರು ಕಾಲು ಚಾಚುತ್ತಾರೆ. ಇದು ಹಾಗಿರಲಿಲ್ಲ. ಎಲ್ಲ ಒಟ್ಟಿಗೆ, ಒಂದೇ ಸಲ, ಹಾಡಿನ ಒಂದೇ ಜಾಗದಲ್ಲಿ. ಆದರೆ ಹೋಗಿ ಹೇಳುವುದು ಹೇಗೆ? ಓದಿದವರ ಮುಂದೆ ನಟ್ಟು ಬಿಗಿಯುವವಳು ಹಾಡಿನ ಮಾತೆತ್ತುವುದೇ? ಅಂದು ಮನೆಯಲ್ಲಿ ಈ ಸಂಕಟ ಕೇಳಿಸಿಕೊಂಡ ಗಂಡ ಹೊಲಿಗೆ ನಿಲ್ಲಿಸಿ ಬೈದರಂತೆ: "ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ್ರೆ ಹೇಗೇ? ನಾಳೆ ಒಂದೇ ದಿನ ಇರೋದು. ಸರಿಯಾಗಿ ಕೇಳಿಸ್ಕೊಂಡು ಹೋಗಿ ಹೇಳು."

ಮೂರನೆಯ ಪ್ರಿವ್ಯೂ ದಿನ ಇವರು ಗೋಡೆಗೆ ಒರಗಲಿಲ್ಲ. ಪಕ್ಕದ ದಾರಿಯಲ್ಲಿ ಮೊದಲ ಸಾಲಿನಿಂದ ಕೊನೆಯವರೆಗೆ ಸದ್ದಿಲ್ಲದೆ ನಡೆದರು. ಮುದುಕಿ "ಯಾರಾದರೂ ಕೂಗಿದರೆ ನನ್ನನ್ನೆಬ್ಬಿಸು" ಎಂದು ದೋಣಿಯ ಕಿವಿಯಲ್ಲಿ ಹೇಳುವ ಸಾಲು ಬಂತು. ಮೊದಲ ಹತ್ತು ಸಾಲುಗಳಲ್ಲಿ ಒಂದು ಕುರ್ಚಿಯೂ ಉಸಿರೆತ್ತಲಿಲ್ಲ. ಹನ್ನೊಂದನೆಯ ಸಾಲಿನಿಂದ ಹಿಂದಕ್ಕೆ ಅಷ್ಟೂ ಕುರ್ಚಿಗಳು ಒಮ್ಮೆಲೇ ಕಿರ್ರೆಂದವು. ಇವರು ಆ ದಿನ ಕಣ್ಣು ಬಿಟ್ಟುಕೊಂಡಿದ್ದರು, ಅದೇ ಪುಣ್ಯ. ಹಿಂದಿನವರೆಲ್ಲ ಕತ್ತು ಚಾಚಿ ಮುಂದಕ್ಕೆ ಬಾಗಿದ್ದರು. ಒಬ್ಬ ತಾತ ಕಿವಿಗೆ ಅಂಗೈ ಅಡ್ಡ ಹಿಡಿದಿದ್ದರು.

ವಿರಾಮಕ್ಕೆ ದೀಪ ಹತ್ತಿದ್ದೇ ತಡ, ಕುರ್ಚಿಯಮ್ಮ ಸ್ಪ್ಯಾನರು ಕೈಯಲ್ಲಿ ಹಿಡಿದೇ ನಿರ್ದೇಶಕಿಯ ಎದುರು ಹೋಗಿ ನಿಂತರು.

"ಮೇಡಂ, ಅದು ಬೇಜಾರಿನ ಕಿರುಗಲ್ಲ. ಹಿಂದಿನವರಿಗೆ ಕೇಳಿಸ್ತಿಲ್ಲ. ಕೇಳ್ಬೇಕು ಅಂತ ಬಾಗ್ತಿದಾರೆ."

"ಮತ್ತೆ ಚೀಟಿಯಲ್ಲಿ ಉದ್ದ ಅಂತ ಯಾಕಮ್ಮಾ ಬರೀತಾರೆ?"

"ಕಿವಿಗೆ ಬೀಳದ ಹಾಡು ಎರಡು ನಿಮಿಷ ಇದ್ರೂ ಉದ್ದವೇ ಅಲ್ವಾ ಮೇಡಂ? ಅವರನ್ನ ಮುಂದೆ ಕರ್ಕೊಳ್ಳಿ. ಹಿಂದೆ ಅಷ್ಟೊಂದು ವಾದ್ಯ ಬೇಡ. ಇನ್ನೊಂದು ದಿನ ನೋಡಿ."

ನಿರ್ದೇಶಕಿ ಅವರ ಮುಖ ನೋಡಿದರು, ಕೈಯಲ್ಲಿದ್ದ ಸ್ಪ್ಯಾನರನ್ನೂ ನೋಡಿದರು. "ಒಂದೇ ದಿನ" ಎಂದರು.

ನಾಲ್ಕನೆಯ ಪ್ರಿವ್ಯೂನಲ್ಲಿ ಹಿಮ್ಮೇಳದ ಅಕ್ಕ ಆರು ಹೆಜ್ಜೆ ಮುಂದೆ ಬಂದು, ವೇದಿಕೆಯ ಅಂಚಿನಲ್ಲೇ ಕೂತು ಹಾಡಿದರು. ಹನ್ನೆರಡು ವಾದ್ಯಗಳಲ್ಲಿ ಹನ್ನೊಂದು ಸುಮ್ಮನಿದ್ದವು, ಕೊಳಲೊಂದೇ ಜೊತೆಗಿತ್ತು. ಎಣ್ಣೆ ಕಾಣದ ಆರುನೂರ ನಲವತ್ತು ಕುರ್ಚಿಗಳು ನಾಲ್ಕು ನಿಮಿಷ ಮಿಸುಕಲಿಲ್ಲ. ಹಾಡು ಮುಗಿದ ಮೇಲೂ ಮಿಸುಕಲಿಲ್ಲ. ಆಮೇಲೆ ದಡದಡನೆ ಸದ್ದಾಯಿತು. ಜನ ಎದ್ದು ನಿಂತಿದ್ದರು, ಸ್ಪ್ರಿಂಗ್ ಕುರ್ಚಿಗಳು ಸಾಲಿಗೆ ಸಾಲೇ ಮಡಚಿಕೊಂಡಿದ್ದವು. ಅಂದಿನ ಚೀಟಿಗಳಲ್ಲಿ ಉದ್ದದ ಮಾತೇ ಇರಲಿಲ್ಲ. ಒಬ್ಬರು ಮಾತ್ರ "ಕರ್ಚೀಫು ತನ್ನಿ ಎಂದು ಮೊದಲೇ ತಿಳಿಸಬಾರದಿತ್ತೇ?" ಎಂದು ದೂರಿದ್ದರು. ಹಾಡು ಉಳಿಯಿತು. ಹಿಮ್ಮೇಳದ ಅಕ್ಕ ಬಂದು ಕುರ್ಚಿಯಮ್ಮನನ್ನು ತಬ್ಬಿಕೊಂಡದ್ದಕ್ಕೆ ವೇಷದ ಮೇಲೆಲ್ಲ ಸ್ಪ್ಯಾನರಿನ ಜಿಡ್ಡು ಮೆತ್ತಿ, ವೇಷಭೂಷಣದವರಿಂದ ಇಬ್ಬರಿಗೂ ಬೈಗುಳವಾಯಿತು.

ಈಗ ಗಂಟೆ ಒಂಬತ್ತೂವರೆ. ಇಪ್ಪತ್ತನೆಯ ಸಾಲು ಮುಗಿಸಿ ಕುರ್ಚಿಯಮ್ಮ ಸೊಂಟ ಹಿಡಿದು ಏಳುತ್ತಾರೆ. ಆಸೆ ಏನಾದರೂ ಉಂಟೇ ಎಂದರೆ ನಾಚಿಕೊಳ್ಳುತ್ತಾರೆ. "ಒಂದು ಸಲ ಕೂತ್ಕೊಂಡು ನೋಡ್ಬೇಕು. ಇಷ್ಟು ವರ್ಷ ಊರವರನ್ನೆಲ್ಲ ಕೂರಿಸಿದ್ದಾಯ್ತು, ನಾನು ಕೂತಿಲ್ಲ." ನಿರ್ದೇಶಕಿ ಐದನೆಯ ಸಾಲಿನ ನಡುವೆ ಎರಡು ಟಿಕೆಟ್ ಕೊಡಲು ಬಂದಿದ್ದರು. ಅಷ್ಟು ಮುಂದೆ ಬೇಡವೆಂದು ಇವರೇ ಬದಲಿಸಿ, ಕೊನೆಯ ಸಾಲಿನ ತುದಿಯ ಎರಡು ಕುರ್ಚಿ ಕೇಳಿ ಪಡೆದಿದ್ದಾರೆ. ತುದಿಯ ಕುರ್ಚಿಯಿಂದ ಕೈಚೀಲ, ಫ್ಲಾಸ್ಕು, ಸ್ವೆಟರು ಎತ್ತಿಕೊಂಡು, ದೀಪ ಆರಿಸಿ, ಸ್ನಾನ ಮಾಡಲು ಮನೆಗೆ ಓಡುತ್ತಾರೆ.

ಮಧ್ಯಾಹ್ನ ಮೂರು. ಮಂದಿರ ತುಂಬಿದೆ. ಬೆನ್ನಿಗೆ ದಿಂಬು ಇಟ್ಟುಕೊಂಡು ಗಂಡ, ಅವರ ಪಕ್ಕ ತುದಿಯಲ್ಲಿ ಕುರ್ಚಿಯಮ್ಮ. ಗಂಡ ಮೊದಲು ಮುಂದಿನ ಸಾಲಿನ ಕವರುಗಳ ಹೊಲಿಗೆ ಪರೀಕ್ಷಿಸಿ ಆಮೇಲೆ ವೇದಿಕೆ ನೋಡುತ್ತಾರೆ. ಕುಣಿತಕ್ಕೆ ಜನ ನಗುತ್ತಾರೆ, ಶಿಳ್ಳೆ ಬೀಳುತ್ತದೆ. ಒಂದು ಕುರ್ಚಿಯೂ ಮಾತಾಡುವುದಿಲ್ಲ. ಬೆಳಗಿನ ಎಣ್ಣೆ ತನ್ನ ಕೆಲಸ ಮಾಡಿದೆ. ಹಿಮ್ಮೇಳದ ಅಕ್ಕ ಆರು ಹೆಜ್ಜೆ ಮುಂದೆ ಬಂದು ಅಂಚಿನಲ್ಲಿ ಕೂರುತ್ತಾರೆ. ಕೊಳಲು ಶುರುವಾಗುತ್ತದೆ. ಪಕ್ಕದ ಗೋಡೆಯ ಬಳಿ ನಿಂತ ನಿರ್ದೇಶಕಿ ಅಭ್ಯಾಸಬಲದಿಂದ ಕಿವಿ ನಿಮಿರಿಸಿದ್ದಾರೆ.

"ಯಾರಾದರೂ ಕೂಗಿದರೆ ನನ್ನನ್ನೆಬ್ಬಿಸು..."

ಕಿರ್ರ್.

ಇಡೀ ಮಂದಿರದಲ್ಲಿ ಒಂದೇ ಒಂದು ಕುರ್ಚಿ. ನಿರ್ದೇಶಕಿಯ ಮುಖ ಥಟ್ಟನೆ ಕೊನೆಯ ಸಾಲಿಗೆ ತಿರುಗುತ್ತದೆ. ಅಲ್ಲಿ ಕುರ್ಚಿಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕಲ್ಲಾಗಿದ್ದಾರೆ, ಕಣ್ಣಲ್ಲಿ ಮಾತ್ರ ನೀರು ಇಳಿಯುತ್ತಿದೆ. ಒಂಬತ್ತು ವರ್ಷದಿಂದ ಚೀಲ, ಫ್ಲಾಸ್ಕು, ಸ್ವೆಟರು ಹೊತ್ತ ಆ ಕುರ್ಚಿಯ ಕೀಲಿಗೆ ಇವತ್ತಿನ ತನಕ ಒಂದು ತೊಟ್ಟು ಎಣ್ಣೆ ಬಿದ್ದಿಲ್ಲ. ಗಂಡ ಬಗ್ಗಬಾರದ ಬೆನ್ನನ್ನು ಬಗ್ಗಿಸಿ ಅವರ ಕಿವಿಯಲ್ಲಿ ಹೇಳುತ್ತಾರೆ: "ದೀಪದ ಬುಡದಲ್ಲೇ ಕತ್ತಲೆ ಕಣೇ."

ನಾಟಕ ಮುಗಿದು, ಕುರ್ಚಿಗಳೆಲ್ಲ ದಡದಡನೆ ಮಡಚಿಕೊಂಡು, ಚಪ್ಪಾಳೆ ನಿಂತ ಮೇಲೆ ನಿರ್ದೇಶಕಿ ಜನರ ನಡುವೆ ದಾರಿ ಮಾಡಿಕೊಂಡು ಕೊನೆಯ ಸಾಲಿಗೆ ಬರುತ್ತಾರೆ. ಮುಖ ಗಂಭೀರವಾಗಿ ಇಟ್ಟುಕೊಳ್ಳಲು ನೋಡುತ್ತಾರೆ, ಆಗುವುದಿಲ್ಲ.

"ಇಲ್ಲಿಂದ ಒಂದು ದೂರು ಬಂತಲ್ಲಮ್ಮಾ. ಹಾಡು ಉದ್ದ ಆಯ್ತಾ?"

ಕುರ್ಚಿಯಮ್ಮ ಕಣ್ಣೊರೆಸಿಕೊಂಡು, ಮಡಚಿಕೊಂಡ ತಮ್ಮ ಕುರ್ಚಿಯ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

"ಇಲ್ಲ ಮೇಡಂ. ನನಗೆ ಚೆನ್ನಾಗೇ ಕೇಳಿಸ್ತಿತ್ತು. ಆದ್ರೂ ಬಾಗಿಬಿಟ್ಟೆ."