ಕೊಟ್ಟಿಗೆಹಾರದಲ್ಲಿ ಕಪ್ ಗೆದ್ದ ಗಡ್ಡ

ಕೊಟ್ಟಿಗೆಹಾರದ ಹೋಟೆಲಿನಲ್ಲಿ ಬೆಳಗ್ಗೆ ನೀರುದೋಸೆ ಕೇಳಿದರೆ ಮಾಲೀಕ ರಮೇಶಣ್ಣ ಟಿವಿಯಿಂದ ಕಣ್ಣೇ ತೆಗೆಯಲಿಲ್ಲ. ಕೆನಡಾದ ಐಸ್ ಹಾಕಿ. ಹಿಂದೆ ಘಾಟಿ ಬಂದ್ ಆದಾಗ ಇಲ್ಲೇ ಉಳಿದ ಪ್ರವಾಸಿಯೊಬ್ಬ ಹಿಡಿಸಿಹೋದ ಹುಚ್ಚಂತೆ. ಕೊನೆಯ ಸುತ್ತು ಶುರುವಾದರೆ ಕಪ್ ತೀರ್ಮಾನವಾಗುವವರೆಗೆ ಆಟಗಾರರು ಗಡ್ಡ ತೆಗೆಯುವುದಿಲ್ಲ, ತೆಗೆದರೆ ಸೋಲು ಎಂಬ ನಂಬಿಕೆ. ರಮೇಶಣ್ಣನೂ ತೆಗೆದಿಲ್ಲ. ಇವತ್ತು ಗೆದ್ದರೆ ಕಪ್ ಇವರ ಮೆಚ್ಚಿನ ತಂಡಕ್ಕೆ. ಸೋತರೆ ಸೋಮವಾರ ಇನ್ನೊಂದು ಪಂದ್ಯ. ಮಗಳ ಮದುವೆ ಭಾನುವಾರ.

“ಧಾರೆ ಎರೆಯೋಕೆ ಈ ಮುಖ ಹೊತ್ಕೊಂಡು ಬರ್ತಾರಂತೆ,” ಎಂದರು ದೋಸೆ ಹುಯ್ಯುತ್ತಿದ್ದ ಅವರ ಹೆಂಡತಿ ಸುಮಿತ್ರಕ್ಕ.

ನಾನು ಬಿಡುತ್ತೇನೆಯೇ? “ನಿಮ್ಮ ಗಡ್ಡ ಅಲ್ಲಿಯವರಿಗೆ ಕಾಣುತ್ತಾ ಅಣ್ಣ? ಕಾಣದ ಗಡ್ಡ ಹೇಗೆ ಗೆಲ್ಲಿಸುತ್ತೆ?”

“ಇಲ್ಲೀತನಕ ಗೆಲ್ಸಿದೆಯಲ್ಲ ಮಾರಾಯ.”

ಕೊನೆಗೆ ರಾಜಿ ಮಾಡಿಸಿದೆ: ನೊರೆ ಹಚ್ಚಿದರೆ ಗಡ್ಡ ತೆಗೆದಂತಲ್ಲ, ಕತ್ತಿ ಗೆದ್ದ ಮೇಲೆಯೇ. ಪಕ್ಕದ ಕ್ಷೌರದಂಗಡಿಯ ಇಕ್ಬಾಲ್ ಬಂದು ನೊರೆ ಹಚ್ಚಿ, ಕತ್ತಿ ಹಿಡಿದು ಕಾದು ನಿಂತ. ಆಟ ಸಮಬಲವಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ನನ್ನ ದೋಸೆ ಆರಿತು. ಆಮೇಲೆ ಇವರ ತಂಡದ ಗೋಲು, ಅಲ್ಲಿಗೇ ಆಟ ಮುಗಿಯಿತು. ರಮೇಶಣ್ಣ ಎದ್ದು ತಬ್ಬಿದ ರಭಸಕ್ಕೆ ಅರ್ಧ ನೊರೆ ನನ್ನ ಕೆನ್ನೆಗೆ ಬಂತು.

“ನೊರೆ ಹಚ್ಚಿದ್ದಕ್ಕೇ ಗೆದ್ದಿದ್ದು,” ಎಂದರು ಸುಮಿತ್ರಕ್ಕ. “ಮುಂದಿನ ವರ್ಷ ಮೊದಲ ದಿನವೇ ಹಚ್ಚಿಬಿಡಾಣ.”

ಈ ತರ್ಕ ತಪ್ಪು ಎನ್ನಲು ಬಾಯಿ ತೆರೆದೆ. ಇಕ್ಬಾಲ್ ಆಗಲೇ ಕತ್ತಿ ಎಳೆದಿದ್ದ, ಮತ್ತು ನಾನು ಚಪ್ಪಾಳೆ ತಟ್ಟುತ್ತಿದ್ದೆ.